ಯುರೋಪ್‌ಗೆ ಗ್ರೂಪ್ ಟೂರಾ, ಬ್ಯಾಗ್ ಹಾಕಿಕೊಂಡು ನಾವೇ ಹೋಗುವುದಾ?

ತುಂಗಾತೀರ:
ಮೇ ಕೊನೆಯಲ್ಲಿ ಎರಡು ವಾರ ಯುರೋಪ್‌ಗೆ ಹೋಗುವ ಯೋಚನೆ. ನಾನು, ಹೆಂಡತಿ, ಅಮ್ಮ. ಅಮ್ಮನಿಗೆ 64, ಚೆನ್ನಾಗಿ ನಡೆಯುತ್ತಾರೆ, ಆದರೆ ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟುವುದಿಲ್ಲ. ಟೂರ್ ಕಂಪನಿಯವರ ಪಟ್ಟಿಯಲ್ಲಿ ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಲೂಸರ್ನ್, ಇನ್ಸ್‌ಬ್ರುಕ್, ವೆನಿಸ್, ಪೀಸಾ, ರೋಮ್ ಎಲ್ಲ ಇದೆ, ರಾತ್ರಿ ನಮ್ಮ ಊಟವೂ ಇದೆ. ಹೆಂಡತಿ ಮಾತ್ರ ‘ಇದು ಪ್ರವಾಸ ಅಲ್ಲ, ಹಾಜರಿ ಹಾಕಿ ಬರುವುದು’ ಅಂತಾಳೆ. ಅವಳಿಗೆ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಹಾಸ್ಟೆಲ್, ರೈಲು ಅಂತ ಸುತ್ತುವ ಆಸೆ. ಎರಡೂ ಮಾಡಿದವರು ಇದ್ದರೆ ಹೇಳಿ. ದುಡ್ಡಿನ ಲೆಕ್ಕ ಆಮೇಲೆ, ಮೊದಲು ಅಮ್ಮನಿಗೆ ಸುಸ್ತಾಗಬಾರದು.

ಕಿಟಕಿ ಸೀಟು:
ಅಪ್ಪ ಅಮ್ಮನನ್ನು ಗ್ರೂಪ್ ಟೂರಿನಲ್ಲೇ ಕರೆದುಕೊಂಡು ಹೋಗಿದ್ದೆ. ಟೂರ್ ಅಂದರೆ ಆರಾಮ ಅನ್ನುವುದು ಅರ್ಧ ನಿಜ. ಸೂಟ್‌ಕೇಸ್ ಬಸ್ಸಿನ ಕೆಳಗೆ ಹೋಗುತ್ತದೆ, ವೀಸಾ ಫೈಲು ಅವರೇ ಜೋಡಿಸಿಕೊಡುತ್ತಾರೆ, ಪ್ಲಾಟ್‌ಫಾರ್ಮ್ ಹುಡುಕುವ ತಾಪತ್ರಯ ಇಲ್ಲ. ಆದರೆ ಹೋಟೆಲ್ ಊರಾಚೆ ಇರುತ್ತದೆ, ರಾತ್ರಿ ಊಟ ಆದ ಮೇಲೆ ಒಂದು ರೌಂಡು ಹಾಕೋಣ ಅಂದರೆ ಸುತ್ತ ಬರೀ ಹೈವೇ. ಬೆಳಗ್ಗೆ ಆರಕ್ಕೆ ರೂಮಿನ ಫೋನ್ ಬಡಿದುಕೊಳ್ಳುತ್ತದೆ, ಮತ್ತೆ ಪ್ಯಾಕಿಂಗ್. ಟೂರ್ ಮ್ಯಾನೇಜರ್ ಟೈಮಿಗೆ ಅಷ್ಟೊಂದು ಒದ್ದಾಡುವುದಕ್ಕೂ ಕಾರಣ ಇದೆ. ಅಲ್ಲಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ, ಎಲ್ಲವೂ ಬಸ್ಸಿನ ಟ್ಯಾಕೋಗ್ರಾಫ್ ಅನ್ನುವ ಯಂತ್ರದಲ್ಲಿ ದಾಖಲಾಗುತ್ತದೆ. ಯಾರೋ ಒಬ್ಬರು ಶಾಪಿಂಗ್‌ನಲ್ಲಿ ಅರ್ಧ ಗಂಟೆ ತಡ ಮಾಡಿದರೆ ಎಲ್ಲರ ಕಲೋನ್ ಚರ್ಚು ಹತ್ತು ನಿಮಿಷಕ್ಕೆ ಮುಗಿಯುತ್ತದೆ.

ಟೂರೇ ಆದರೆ ಒಂದು ಮಾತು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಅಂತ ಬರೆದಿದ್ದರೆ ಒಳಗೆ ಬಿಡುತ್ತಾರಾ, ಹೊರಗೆ ಗಾಜಿನ ಪಿರಮಿಡ್ ಮುಂದೆ ಫೋಟೋ ತೆಗೆಸಿ ವಾಪಸ್ಸಾ, ಕೇಳಿ ಬರೆಸಿಕೊಳ್ಳಿ.

ಮ್ಯೂನಿಕ್ ಮಲೆನಾಡು:
ಡಾರ್ಮಿಟರಿ ಹಾಸ್ಟೆಲ್ ಬಿಟ್ಟುಬಿಡಿ, ಆದರೆ ನೀವೇ ಹೋಗುವುದನ್ನು ಬಿಡಬೇಡಿ. ಸುಸ್ತು ಮಾಡುವುದು ನಡಿಗೆ ಅಲ್ಲ, ದಿನಾ ಊರು ಬದಲಿಸುವುದು. ಒಂಬತ್ತು ಊರನ್ನು ಮೂರಕ್ಕೆ ಇಳಿಸಿ: ಪ್ಯಾರಿಸ್, ಲೂಸರ್ನ್, ರೋಮ್. ಒಂದೊಂದರಲ್ಲಿ ನಾಲ್ಕೈದು ರಾತ್ರಿ, ಸ್ಟೇಷನ್ ಅಥವಾ ಮೆಟ್ರೋ ಹತ್ತಿರ ರೂಮು. ಪ್ಯಾರಿಸ್‌ನಿಂದ ಬಾಸೆಲ್ ಟಿಜಿವಿ ಅನ್ನುವ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ, ಅಲ್ಲಿಂದ ಲೂಸರ್ನ್ ಇನ್ನೊಂದು ಗಂಟೆ. ಲೂಸರ್ನ್‌ನಿಂದ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗ ದಾಟಿ ಮಿಲಾನ್, ಮುಂದೆ ರೋಮ್‌ಗೆ ಮೂರು ಗಂಟೆ ಚಿಲ್ಲರೆ.

ಹಲವು ದೇಶಗಳ ರೈಲಿಗೆ ಒಂದೇ ಆಗುವ ಯುರೇಲ್ ಪಾಸ್ ಸುಮ್ನೆ ಕೊಂಡುಬಿಡಬೇಡಿ. ಪಾಸ್ ಇದ್ದರೂ ಫ್ರಾನ್ಸಿನ ಟಿಜಿವಿ, ಇಟಲಿಯ ವೇಗದ ರೈಲು ಫ್ರೆಚ್ಚಾರೊಸ್ಸಾದಲ್ಲಿ ಸೀಟ್ ರಿಸರ್ವೇಶನ್‌ಗೆ ಬೇರೆ ದುಡ್ಡು ಕೊಡಬೇಕು. ನಿಮ್ಮದು ಬೆರಳೆಣಿಕೆಯ ರೈಲು, ಬಿಡಿ ಟಿಕೆಟ್ ಮುಂಚೆಯೇ ತೆಗೆದುಬಿಡಿ. ಸ್ವಿಟ್ಜರ್ಲೆಂಡ್‌ಗೆ ಸ್ವಿಸ್ ಟ್ರಾವೆಲ್ ಪಾಸ್ ಲೆಕ್ಕ ಹಾಕಿ ನೋಡಿ. ಲೂಸರ್ನ್‌ನಲ್ಲಿ ದೋಣಿ ಹತ್ತಿ ಫಿಟ್ಸ್‌ನಾವ್, ಅಲ್ಲಿಂದ 1871ರಲ್ಲೇ ಶುರುವಾದ ಹಲ್ಲುಚಕ್ರದ ರೈಲಿನಲ್ಲಿ ರಿಗಿ ಬೆಟ್ಟ, ಎಲ್ಲವೂ ಅದೇ ಪಾಸಿನಲ್ಲಿ. ಹಿಮದ ಬೆಟ್ಟದ ಮೇಲಿನ ಯುಂಗ್‌ಫ್ರಾವ್‌ಯೋಕ್‌ಗೆ ಬರೀ 25% ರಿಯಾಯಿತಿ. ಅದು 3,454 ಮೀಟರ್ ಎತ್ತರ ಬೇರೆ, ಅಮ್ಮನಿಗೆ ಉಸಿರಿನ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಕೊಂಡೇ ಹೋಗಿ. ನನ್ನ ಓಟು ರಿಗಿಗೆ.

ಗೈಡೇ ಬೇಡ ಅಂತ ಅಲ್ಲ. ರೋಮ್‌ನಲ್ಲಿ ಕೊಲೋಸಿಯಮ್ ಮತ್ತು ಹಳೇ ರೋಮ್‌ನ ಚೌಕವಾದ ಫೋರಂಗೆ ಅರ್ಧ ದಿನದ ಗೈಡ್ ತೆಗೆದುಕೊಳ್ಳಿ, ಹೇಳುವವರಿಲ್ಲದಿದ್ದರೆ ಫೋರಂ ಬರೀ ಮುರಿದ ಕಂಬಗಳು.

ಬೇಳೆಸಾರು:
ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಅರ್ಧ ತಲೆನೋವು ಹೋಗುತ್ತದೆ. ಅಕ್ಕಿ, ಮೊಸರು, ಟೊಮೆಟೊ ಲಿಡ್ಲ್, ಕೋಪ್ ಥರದ ಸೂಪರ್‌ಮಾರ್ಕೆಟ್ ಎಲ್ಲಿ ಬೇಕಾದರೂ ಸಿಗುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತೆಗೆದುಕೊಂಡು ಹೋಗಿ. ಆದರೆ ತುಪ್ಪ, ಧಾರವಾಡ ಪೇಡ ಬೇಡ, ಹೊರದೇಶದ ಹಾಲಿನ ಪದಾರ್ಥ ಯುರೋಪಿಯನ್ ಒಕ್ಕೂಟದೊಳಕ್ಕೆ ತರುವಂತಿಲ್ಲ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ. ಇನ್ನೊಂದು, ಅಮ್ಮ ಅಷ್ಟು ಕಟ್ಟುನಿಟ್ಟು ಅಂದರೆ ಪಾಸ್ತಾ ಮೇಲೆ ಉದುರಿಸುವ ಪಾರ್ಮೆಸಾನ್ ಚೀಸ್ ಬೇಡ ಅಂತ ಮೊದಲೇ ಹೇಳಿ. ಅದಕ್ಕೆ ಹಾಲು ಒಡೆಯಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಇಂಡಿಯನ್ ಊಟದ ಟೂರ್‌ನಲ್ಲೂ ಮಧ್ಯಾಹ್ನ ಪಿಜ್ಜಾನೇ ಅಲ್ವಾ, ಅಲ್ಲೂ ಇದು ತಪ್ಪುವುದಿಲ್ಲ.

ತುಂಗಾತೀರ:
ಪಾರ್ಮೆಸಾನ್ ವಿಷಯ ಅಮ್ಮನಿಗೆ ಓದಿ ಹೇಳಿದೆ, ಯುರೋಪೇ ಬೇಡ ಅನ್ನುವ ಹಂತಕ್ಕೆ ಬಂದಿದ್ದಾರೆ 😄 ಮೂರು ಊರಿನ ಪ್ಲಾನ್ ಹೆಂಡತಿಗೆ ಒಪ್ಪಿಗೆ. ನಾವೇ ಹೋದರೆ ವೀಸಾ ಕಷ್ಟವಾ?

ಕಿಟಕಿ ಸೀಟು:
ಕಷ್ಟ ಅಲ್ಲ, ಕಾಗದ ಜಾಸ್ತಿ ಅಷ್ಟೇ. ಮೂರೂ ದೇಶಕ್ಕೆ ಒಂದೇ ವೀಸಾ, ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ, ಸಮ ಇದ್ದರೆ ಮೊದಲು ಇಳಿಯುವ ದೇಶಕ್ಕೆ. ರೋಮ್‌ನಲ್ಲಿ ಒಂದು ದಿನ ಜಾಸ್ತಿ ಇದ್ದರೆ ಇಟಲಿಗೆ ಹಾಕಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಬೇಕು. ಹೋಟೆಲ್ ಬುಕಿಂಗ್ ಕ್ಯಾನ್ಸಲ್ ಮಾಡಲು ಬರುವಂಥದ್ದೇ ಇರಲಿ. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಬೇಸಿಗೆ ರಜೆಗೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಅಪಾಯಿಂಟ್‌ಮೆಂಟ್ ಇವತ್ತೇ ನೋಡಿ.