ಪುಟ್ಟೀ, ಮೊದಲು ವಾಪಸ್ ಬರುವ ದಾರಿ ನೋಡು

ಪುಟ್ಟೀ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಅಷ್ಟೆಲ್ಲ ಟೈಪು ಮಾಡ್ಲಿಕ್ಕೆ ನನ್ನ ಕಣ್ಣು ಬಿಡುವುದಿಲ್ಲ, ಹಾಗಾಗಿ ಮಾತಾಡಿಯೇ ಹಾಕ್ತಾ ಇದ್ದೇನೆ. ಉದ್ದ ಆದರೂ ಪೂರ್ತಿ ಕೇಳು. "ದೊಡ್ಡಮ್ಮ, ಆ ಕಡಿಮೆ ದರದ ವಿಮಾನದವರು ಲಕ್ಷದ್ವೀಪದ ಅಗತ್ತಿಗೆ ಹೋಗುವುದನ್ನೇ ನಿಲ್ಲಿಸ್ತಾರಂತೆ, ಜನವರಿಗೆ ನಾಲ್ಕು ಟಿಕೆಟು ಮಾಡಿಯಾಗಿದೆ, ಈಗಲೇ ಕ್ಯಾನ್ಸಲ್ ಮಾಡಿಬಿಡ್ಲಾ" ಅಂತ ಕೇಳಿದ್ದಿ. ಅಗತ್ತಿ ಅಂತ ಓದಿದ ಕೂಡಲೇ ನನಗೆ ಎದೆ ಧಸಕ್ಕ ಅಂತು. ಯಾಕೆ ಅಂತ ಪೆರ್ಲದ ಅತ್ತೆಗೆ ಗೊತ್ತುಂಟು, ಅವಳೂ ಇದೇ ಗ್ರೂಪಿನಲ್ಲಿ ಇದ್ದಾಳೆ.

ಹದಿನೈದು ವರ್ಷ ಆಯ್ತು. ನಿನ್ನ ದೊಡ್ಡಪ್ಪನ ಒಟ್ಟಿಗೆ ಕಾಸರಗೋಡು ಕಾಲೇಜಿನಲ್ಲಿ ಓದಿದವರು ಒಬ್ಬರು ಅಗತ್ತಿಯವರು. ದ್ವೀಪದವರು ಯಾರಾದರೂ ಜವಾಬ್ದಾರಿ ತೆಗೆದುಕೊಂಡರೆ ಅಲ್ಲಿಗೆ ಹೋಗುವ ಪರ್ಮಿಟ್ಟು ಸಿಗ್ತದಲ್ಲ, ಅವರೇ ಎಲ್ಲ ಮಾಡಿಸಿದ್ದರು. ಹೋಗುವ ಟಿಕೆಟು ಒಂದು ಕಡೆಯಿಂದ ಮಾಡಿದೆವು. ಬರುವುದಕ್ಕೆ ಬೇರೆ ಕಂಪೆನಿಯಲ್ಲಿ ಅಗ್ಗಕ್ಕೆ ಉಂಟು ಅಂತ ಏಜೆಂಟು ಹೇಳಿದ, ಅದನ್ನು ಬೇರೆಯೇ ಮಾಡಿದೆವು. ತಲೆಗೆ ಎಂಟುನೂರು ರೂಪಾಯಿ ಉಳಿಯಿತು ಅಂತ ದೊಡ್ಡಪ್ಪನಿಗೆ ಸಮಾಧಾನ.

ನಾಲ್ಕು ದಿನ ಚಂದವೇ ಆಯ್ತು, ಸುಳ್ಳು ಹೇಳುವುದಿಲ್ಲ. ಅಂಥ ನೀರು ನಾನು ಮತ್ತೆಲ್ಲೂ ನೋಡಲಿಲ್ಲ. ಅವರ ಮನೆಯವರು ನಮಗಾಗಿ ಮೀನಿನ ಪಾತ್ರೆಯನ್ನೇ ಬೇರೆ ಇಟ್ಟು, ಹಿತ್ತಿಲಿನ ಜೀಗುಜ್ಜೆ ಕೊಯ್ದು ತೆಂಗಿನಕಾಯಿ ಹಾಕಿ ಪಲ್ಯ ಮಾಡಿ ಬಡಿಸಿದರು. ಐದನೆಯ ದಿನ ಬೆಳಿಗ್ಗೆ ಗಂಟುಮೂಟೆ ಕಟ್ಟಿಕೊಂಡು ಆಟೋದಲ್ಲಿ ವಿಮಾನ ನಿಲ್ದಾಣಕ್ಕೆ ಹೋದರೆ ಗೇಟಿನಲ್ಲಿದ್ದವನು ಹೇಳ್ತಾನೆ, "ಇವತ್ತು ವಿಮಾನ ಇಲ್ಲ, ನಾಳೆಯೂ ಇಲ್ಲ. ನಿಮಗೆ ಮೆಸೇಜು ಬರಲಿಲ್ಲವಾ?" ಬಂದಿತ್ತು ಪುಟ್ಟೀ, ಮೂರು ದಿನ ಮೊದಲೇ ಬಂದಿತ್ತು, ಆದರೆ ಬಂದದ್ದು ಏಜೆಂಟಿನ ಮೊಬೈಲಿಗೆ. ಟಿಕೆಟು ಮಾಡುವಾಗ ಅವನು ನಮ್ಮ ನಂಬರಿನ ಬದಲು ತನ್ನ ನಂಬರ್ ಕೊಟ್ಟಿದ್ದ. ನಮಗೆ ಒಂದು ಮಾತು ತಿಳಿಸಲಿಲ್ಲ.

ಮಡಿಕೇರಿಗೋ ಊಟಿಗೋ ಹೋಗಿ ಬಸ್ಸು ತಪ್ಪಿದರೆ ಜೀಪು ಸಿಗ್ತದೆ, ಲಾರಿಯವನ ಕೈಕಾಲು ಹಿಡಿದಾದರೂ ಬರಬಹುದು. ಅಗತ್ತಿ ಅಂದರೆ ಏಳು ಕಿಲೋಮೀಟರ್ ಉದ್ದದ ಒಂದು ಪಟ್ಟಿ, ಸುತ್ತ ಸಮುದ್ರ, ಕೊಚ್ಚಿಗೆ ಸುಮಾರು 460 ಕಿಲೋಮೀಟರ್. ರನ್‌ವೇ 1,200 ಮೀಟರ್ ಇರಬಹುದು ಅಷ್ಟೆ, ನಮ್ಮ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ್ದರ ಅರ್ಧ. ರೆಕ್ಕೆಗೆ ಫ್ಯಾನ್ ಇರುವ ಸಣ್ಣ ವಿಮಾನ ಮಾತ್ರ ಇಳಿಯುವುದು. ಅಂಥ ವಿಮಾನ ಎಲ್ಲರ ಹತ್ತಿರ ಇರುವುದಿಲ್ಲ, ಹಾಗಾಗಿ ಒಬ್ಬರು ನಿಲ್ಲಿಸಿದರೆ ಮಾರನೆ ದಿನವೇ ಇನ್ನೊಬ್ಬರು ಬಂದು ಇಳಿಸುವುದಿಲ್ಲ. ಅದಕ್ಕೇ ಹೇಳುವುದು, ದ್ವೀಪಕ್ಕೆ ಹೋಗುವ ಟಿಕೆಟು ನೋಡುವ ಮೊದಲು ಬರುವ ದಾರಿ ನೋಡಬೇಕು.

ಹಡಗಿಗೆ ಕೇಳಿದರೆ ಸೀಟು ಇಲ್ಲ. ರೋಗಿಗಳು, ಓದುವ ಮಕ್ಕಳು, ಊರಿನವರು ಮೊದಲು, ಅದು ನ್ಯಾಯವೇ. ನಾವು ಕಾದದ್ದು ನಾಲ್ಕು ದಿನ. ದೊಡ್ಡಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾನು ಲೆಕ್ಕ ಹಾಕಿ ಐದೇ ದಿನಕ್ಕೆ ಕಟ್ಟಿದ್ದೆ. ಮುಗಿಯಿತು. ಅಲ್ಲಿಯ ಆಸ್ಪತ್ರೆಯ ಡಾಕ್ಟರು ಪುಣ್ಯಾತ್ಮರು, ಹುಡುಕಿ ಕೊಟ್ಟರು, ಆದರೆ ಆ ಎರಡು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಕಡೆಗೂ ಹಡಗು ಬಂತು, ದಡಕ್ಕೆ ಬರಲಿಲ್ಲ. ದೂರದಲ್ಲಿ ನಿಂತಿತು. ದೋಣಿಯಲ್ಲಿ ಹೋಗಿ, ಅಲೆ ಮೇಲೆ ಎತ್ತಿದಾಗ ಹಡಗಿನ ಬಾಗಿಲಿಗೆ ಹಾರಬೇಕು. ಮೊಣಕಾಲು ನೋವಿನ ಮನುಷ್ಯ, ಇಬ್ಬರು ಖಲಾಸಿಗಳು ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡರು. ದೋಣಿಯಲ್ಲಿ ಕೂತು ಅದನ್ನು ನೋಡಿದ್ದು ನಾನು.

ಅಷ್ಟರಲ್ಲಿ ಇಲ್ಲಿ ಪೆರ್ಲದ ಅತ್ತೆಯ ಮಗಳ ಮದುವೆ ಮುಗಿದಿತ್ತು. ದೊಡ್ಡ ಸೋದರಮಾವ ಅಂತ ದೊಡ್ಡಪ್ಪ ಇರಬೇಕಾದಲ್ಲಿ ನಿನ್ನ ಅಪ್ಪ ನಿಂತ. ಅತ್ತೆ ಒಂದು ಮಾತೂ ಆಡಲಿಲ್ಲ, ದೊಡ್ಡಮನಸ್ಸು ಅವಳದ್ದು. ಆದರೆ ದೊಡ್ಡಪ್ಪ ಕಡೆಯವರೆಗೂ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ "ಆ ಹುಡುಗಿಯ ಧಾರೆಗೆ ನಾನು ಇರಲಿಲ್ಲ" ಅಂದಿದ್ದರು. ಎಂಟುನೂರು ರೂಪಾಯಿ ಉಳಿಸಲಿಕ್ಕೆ ಹೋಗಿ. ಪುಟ್ಟೀ, ಇನ್ನೊಮ್ಮೆ ಹೇಳ್ತೇನೆ, ನಿನ್ನ ಗಂಡನಿಗೂ ಕೇಳಿಸು: ಬರುವ ದಾರಿ ಗಟ್ಟಿ ಆಗದೆ ದ್ವೀಪಕ್ಕೆ ಕಾಲಿಡಬೇಡಿ.

ಮತ್ತೆ ನನಗೆ ಇದರಲ್ಲಿ ಇನ್ನೊಂದು ಸಂಕಟ ಉಂಟು, ಹೇಳದೆ ಇರಲಿಕ್ಕೆ ಆಗುವುದಿಲ್ಲ. ಈ ದ್ವೀಪದವರಿಗೂ ನಮಗೂ ಎಂಥ ಸಂಬಂಧ ಇತ್ತು ಗೊತ್ತುಂಟಾ? ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಲಕ್ಷದ್ವೀಪದ ಬಡಗಿನ ಈ ಅಮಿನ್‌ದೀವಿ ದ್ವೀಪಗಳೆಲ್ಲ ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನ ಕಲೆಕ್ಟರರ ಕೈಕೆಳಗೆ. ಅಲ್ಲಿಂದ ತೆಂಗಿನ ನಾರಿನ ಹುರಿ ಬರುವುದು, ಇಲ್ಲಿಂದ ಅಕ್ಕಿ ಹೋಗುವುದು. ಬಂದರಿನಲ್ಲಿ ಮಂಜಿಗಳು, ಅಂದರೆ ಸರಕು ಸಾಗಿಸುವ ಹಾಯಿ ಹಡಗುಗಳು, ಸಾಲಾಗಿ ನಿಂತಿರುವುದನ್ನು ನನ್ನ ಅಪ್ಪ ಹೇಳುತ್ತಿದ್ದರು. 1956ರ ನವೆಂಬರ್ 1, ಒಂದೇ ದಿನ ಎರಡೂ ಹೋಯ್ತು. ಅವರನ್ನು ಕೇಂದ್ರಾಡಳಿತ ಅಂತ ಬೇರೆ ಮಾಡಿದರು, ನಮ್ಮ ಕಾಸರಗೋಡನ್ನು ಕೇರಳಕ್ಕೆ ಕೊಟ್ಟರು. ಚಂದ್ರಗಿರಿಯಿಂದ ಬಡಗಿನ ಊರು ಮೈಸೂರಿಗೆ ಸೇರಬೇಕು ಅಂತ 1967ರಲ್ಲಿ ಮಹಾಜನ ವರದಿ ಬಂತು, ಅದೂ ಹಾಗೇ ಉಳಿಯಿತು. ನಾನು ಇಷ್ಟು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವಳು, ಇವತ್ತಿಗೂ ಒಂದು ಅರ್ಜಿ ತುಂಬಿಸಲಿಕ್ಕೆ ಮಲಯಾಳ ಬಲ್ಲವರನ್ನು ಹುಡುಕಬೇಕು. ನಮ್ಮದೇ ಪಡುವಣ ಸಮುದ್ರದ ದ್ವೀಪಕ್ಕೆ ಹೋಗಲಿಕ್ಕೆ ರಾತ್ರಿ ರೈಲು ಹತ್ತಿ, ಆಲುವಾದಲ್ಲಿ ಇಳಿದು, ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣಕ್ಕೆ ಹೋಗಿ ಕಾಯಬೇಕು. ಮಂಗಳೂರಿನ ಹಳೆ ಬಂದರಿನಿಂದ ಜಲ್ಲಿ, ಸಿಮೆಂಟು, ತರಕಾರಿ ಈಗಲೂ ಹೋಗ್ತದೆ, ಮನುಷ್ಯರಿಗೆ ಮಾತ್ರ ಹೆಚ್ಚಾಗಿ ಕೊಚ್ಚಿಯೇ ದಾರಿ. ವರ್ಷವಿಡೀ ನಂಬುವಂಥ ಒಂದು ಜನರ ಹಡಗು ಮಂಗಳೂರಿನಿಂದ ಇದ್ದಿದ್ದರೆ ಈ ವಿಮಾನದವರು ಬಿಟ್ಟರೂ ನಾವು ಹೆದರಬೇಕಿತ್ತಾ? ಯಾರ ಹತ್ತಿರ ಹೇಳುವುದು.

ಅಯ್ಯೋ, ನೀನು ಕೇಳಿದ್ದು ಬೇರೆ. ಕ್ಯಾನ್ಸಲ್ ಮಾಡ್ಲಾ ಅಂತ. ಮಾಡಬೇಡ ಪುಟ್ಟೀ, ಆ ಬಟನ್ನು ಈಗ ಮುಟ್ಟಲೇಬೇಡ! ನೀನಾಗಿ ರದ್ದು ಮಾಡಿದರೆ ಅದು ನಿನ್ನ ಲೆಕ್ಕ, ಅವರು ಹಣ ಕತ್ತರಿಸಿ ಉಳಿದದ್ದು ಕೊಡ್ತಾರೆ. ಅವರೇ ರದ್ದು ಮಾಡಿದರೆ ಒಂದೋ ಬೇರೆ ವಿಮಾನ ಕೊಡಬೇಕು, ಇಲ್ಲ ಪೂರ್ತಿ ಹಣ ವಾಪಸ್ ಕೊಡಬೇಕು, ವಿಮಾನಯಾನ ನೋಡಿಕೊಳ್ಳುವ ಸರಕಾರದ ಡಿಜಿಸಿಎಯವರ ನಿಯಮ ಅದು. ಯಾವುದು ಬೇಕು ಅಂತ ಹೇಳುವುದು ನೀನು. "ಮುಂದಿನ ಪ್ರಯಾಣಕ್ಕೆ ಇಟ್ಟುಕೊಳ್ಳಿ" ಅಂತ ಕ್ರೆಡಿಟ್ಟು ಕೊಡ್ಲಿಕ್ಕೆ ಬರ್ತಾರೆ, ಒಪ್ಪಬೇಡ. ಅಗತ್ತಿಗೆ ವಿಮಾನವೇ ಇಲ್ಲದ ಮೇಲೆ ಆ ಕ್ರೆಡಿಟ್ಟು ಎಂತಕ್ಕೆ? ಅದನ್ನು ಪ್ರಯಾಣಿಕರ ಮೇಲೆ ಹೇರುವ ಹಾಗಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಏಳು ದಿನದಲ್ಲಿ ಬರಬೇಕು. ಏಜೆಂಟಿನಿಂದ ಮಾಡಿಸಿದ್ದರೂ ಹಣ ಕೊಡಿಸುವ ಜವಾಬ್ದಾರಿ ವಿಮಾನ ಕಂಪೆನಿಯದ್ದೇ. ಸತಾಯಿಸಿದರೆ ಸರಕಾರದ ಏರ್‌ಸೇವಾ ಆ್ಯಪಿನಲ್ಲಿ ದೂರು ಹಾಕು, ಗ್ರಾಹಕರ ಸಹಾಯವಾಣಿ 1915 ಉಂಟು. ಆದರೆ ಪರಿಹಾರದ ಹಣ ಅಂತ ಬೇರೆ ಆಸೆ ಇಟ್ಟುಕೊಳ್ಳಬೇಡ, ಎರಡು ವಾರ ಮೊದಲೇ ತಿಳಿಸಿದರೆ ಅದು ಸಿಗುವುದಿಲ್ಲ.

ಮತ್ತೆ ಟಿಕೆಟಿನಲ್ಲಿ ಯಾರ ಮೊಬೈಲ್ ನಂಬರ್ ಉಂಟು ಅಂತ ಇವತ್ತೇ ನೋಡು. ನಿನ್ನದಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸು. ಉಳಿಯುವ ಮನೆಯವರಿಗೆ ಫೋನ್ ಮಾಡಿ, ತಾರೀಕು ಬದಲಾದರೆ ಮುಂಗಡ ಏನಾಗ್ತದೆ ಕೇಳು. ಪರ್ಮಿಟ್ಟಿನ ತಾರೀಕೂ ಹೊಂದಬೇಕು. ಬೇರೆ ವಿಮಾನ ಸಿಕ್ಕಿದರೆ ಹೋಗುವುದೂ ಬರುವುದೂ ಒಂದೇ ಟಿಕೆಟಿನಲ್ಲಿ ಮಾಡಿಸು.

ನಿನ್ನ ಅಪ್ಪನ ಬಿಪಿ ಮಾತ್ರೆ ಹದಿನೈದು ದಿನಕ್ಕೆ ಆಗುವಷ್ಟು ಕಟ್ಟು, ಐದು ದಿನದ ಪ್ರಯಾಣ ಆದರೂ. ಅದನ್ನು ಕೈಚೀಲದಲ್ಲಿ ಇಡು, ದೊಡ್ಡ ಬ್ಯಾಗಿನಲ್ಲಿ ಬೇಡ. ಸಂಜೆ ಟಿಕೆಟಿನ ಮೇಲ್ ತೆರೆದಿಟ್ಟು ನನಗೆ ಫೋನ್ ಮಾಡು, ಒಂದೊಂದೇ ಸಾಲು ಓದಿ ಹೇಳು.