ಪದಚರ್ಚೆ: ಬಿಯರ್ ‘ಗಟ್ಟಿ’ ಅಂದರೆ ಏನು ಗಟ್ಟಿ?

ಗೆಳೆಯರೇ, ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕಿತ್ತು. ಪದ ಹೊಸದೇನಲ್ಲ, ‘ಗಟ್ಟಿ’. ಬಿಯರ್ ಬಗ್ಗೆ ಮಾತಾಡುವಾಗ ಈ ಒಂದೇ ಪದ ನಮ್ಮ ಬಾಯಲ್ಲಿ ಎರಡು ಬೇರೆ ಬೇರೆ ಕೆಲಸ ಮಾಡುತ್ತಿದೆ. ಅದರಿಂದ ಅಂಕವೂ ಕೆಡುತ್ತಿದೆ, ಆಯ್ಕೆಯೂ ಕೆಡುತ್ತಿದೆ. ಬದಲಿಗೆ ಏನು ಹೇಳಬಹುದು ಅಂತ ಕೇಳೋಣ ಎಂದು ಬರೆಯುತ್ತಿದ್ದೇನೆ.

ನಾವು ಐದು ಜನ ತಿಂಗಳಿಗೊಮ್ಮೆ ಸೇರಿ ಕ್ರಾಫ್ಟ್ ಬಿಯರ್‌ಗಳ, ಅಂದರೆ ಸಣ್ಣ ತಯಾರಕರ ಬಿಯರ್‌ಗಳ, ರುಚಿ ನೋಡುತ್ತೇವೆ. ಚಿಕ್ಕ ಲೋಟ, ನಾಲ್ಕೈದು ಗುಟುಕು, ಅಷ್ಟೇ. ಮಾತಾಡದೆ ಒಬ್ಬೊಬ್ಬರೂ ಒಂದು ಚೀಟಿ ತುಂಬಬೇಕು, ಆಮೇಲೆ ಎಲ್ಲರೂ ಓದಬೇಕು. ಚೀಟಿ ಕನ್ನಡದಲ್ಲೇ ಇರಲಿ ಅಂತ ಮೊದಲ ದಿನವೇ ಮಾತಾಗಿತ್ತು. ಚೀಟಿಯಲ್ಲಿ ಐದು ಗೆರೆ: ವಾಸನೆ, ನೋಟ, ರುಚಿ, ಬಾಯಿಗೆ ಹೇಗಿದೆ, ಒಟ್ಟಾರೆ. ಇದು ಅಮೆರಿಕದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂನವರ ಲೆಕ್ಕ. ಅವರು ಒಟ್ಟು 50ಕ್ಕೆ ಅಂಕ ಹಾಕುತ್ತಾರೆ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹೇಗಿದೆ ಅನ್ನುವುದಕ್ಕೆ 5, ಒಟ್ಟಾರೆಗೆ 10. ನಮ್ಮ ತಕರಾರು ಇರುವುದು ಆ 5 ಅಂಕದ ಗೆರೆಯಲ್ಲಿ.

ಹೋದ ಸಲ ಹೋಲಿಸಿ ನೋಡಲು ಎಲ್ಲರಿಗೂ ಗೊತ್ತಿರುವ ಎರಡು ಬಿಯರ್ ಇಟ್ಟುಕೊಂಡೆವು. ಒಂದು ಐರ್ಲೆಂಡಿನ ಗಿನ್ನೆಸ್ ಡ್ರಾಟ್. ಕಪ್ಪು ಬಣ್ಣ, ಮೇಲೆ ಕೆನೆಯ ಹಾಗೆ ಕೂತ ನೊರೆ. ಇನ್ನೊಂದು ಬೆಲ್ಜಿಯಂನ ಡ್ಯೂವೆಲ್. ತಿಳಿ ಚಿನ್ನದ ಬಣ್ಣ, ಲೋಟದ ತಳದಿಂದ ಸರಸರ ಏಳುವ ಗುಳ್ಳೆ. ಚೀಟಿ ಓದಿದಾಗ ಮೂವರು ಗಿನ್ನೆಸ್ ಮುಂದೆ ‘ಗಟ್ಟಿ’ ಅಂತ ಬರೆದಿದ್ದರು. ಉಳಿದಿಬ್ಬರು ಡ್ಯೂವೆಲ್ ಮುಂದೆ ಅದೇ ‘ಗಟ್ಟಿ’ ಬರೆದಿದ್ದರು. “ಇಷ್ಟು ತೆಳ್ಳಗಿದೆಯಲ್ಲೇ, ಇದೆಲ್ಲಿ ಗಟ್ಟಿ?” ಅಂತ ಒಬ್ಬ ಕೇಳಿದ. “ತಲೆಗೆ ಹತ್ತುತ್ತೆ ಕಣೋ, ಅದಕ್ಕೇ ಗಟ್ಟಿ” ಅಂದಳು ಡ್ಯೂವೆಲ್‌ಗೆ ‘ಗಟ್ಟಿ’ ಬರೆದವಳು.

ಇಬ್ಬರೂ ಹೇಳಿದ್ದು ಸರಿ. ಗಿನ್ನೆಸ್ ಡ್ರಾಟ್‌ನಲ್ಲಿ ಆಲ್ಕೋಹಾಲ್ ಇರುವುದು ಶೇಕಡಾ 4.2ರ ಹತ್ತಿರ. ಅಂಗಡಿಯಲ್ಲಿ ಸಿಗುವ ಮಾಮೂಲಿ ತಿಳಿ ಬಿಯರ್, ಅಂದರೆ ಲಾಗರ್‌ಗಿಂತಲೂ ಒಂದು ಕೈ ಕಡಿಮೆಯೇ. ಕಪ್ಪು ಬಣ್ಣ ಬರುವುದು ಹುರಿದ ಬಾರ್ಲಿಯಿಂದ, ಆಲ್ಕೋಹಾಲ್‌ಗೂ ಬಣ್ಣಕ್ಕೂ ಸಂಬಂಧವಿಲ್ಲ. ಆ ಕೆನೆ ಕೆನೆ ಅನುಭವ ಕೊಡುವುದು ನೈಟ್ರೋಜನ್, ಅದರ ಗುಳ್ಳೆ ತುಂಬ ಸಣ್ಣದು. ಡ್ಯೂವೆಲ್‌ನಲ್ಲಿ ಶೇಕಡಾ 8.5, ಅಂದರೆ ಎರಡರಷ್ಟು. ಆದರೆ ಅದಕ್ಕೆ ಸಕ್ಕರೆ ಸೇರಿಸಿ ಹುದುಗಿಸುತ್ತಾರೆ. ಆ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತದೆ, ದಪ್ಪ ಏನೂ ಉಳಿಯುವುದಿಲ್ಲ. ಹಾಗಾಗಿ ನಾಲಿಗೆ ಮೇಲೆ ಹಗುರ, ತಲೆಗೆ ಮಾತ್ರ ಭಾರ. ನೋಡಿ, ಒಂದು ಮಂದ ಆದರೆ ಮೆದು, ಇನ್ನೊಂದು ತೆಳು ಆದರೆ ಜೋರು. ಎರಡಕ್ಕೂ ‘ಗಟ್ಟಿ’ ಅಂದರೆ ಕೇಳಿದವರು ಏನು ಅರ್ಥ ಮಾಡಿಕೊಳ್ಳಬೇಕು?

ಇದು ಬರೀ ಪದದ ಜಗಳ ಅಲ್ಲ. ಎಷ್ಟೋ ಜನ ಕಪ್ಪು ಬಿಯರ್ ಕಂಡರೆ “ಬೇಡಪ್ಪ, ಅದು ಗಟ್ಟಿ” ಅಂತ ದೂರ ಇಡುತ್ತಾರೆ. ಪಕ್ಕದಲ್ಲಿರುವ ಹೊಂಬಣ್ಣದ ಬಾಟಲಿ ತಗೊಂಡು, ಅರ್ಧ ಗಂಟೆಯಲ್ಲಿ ತಲೆ ಹಿಡಿದುಕೊಳ್ಳುತ್ತಾರೆ.

ಅಮಲಿನ ವಿಷಯಕ್ಕೆ ನನಗೆ ಗೊಂದಲ ಇಲ್ಲ. ‘ಅಮಲು ಜಾಸ್ತಿ’, ‘ಜೋರು’, ಇಲ್ಲ ಸೀದಾ ‘ಎಂಟೂವರೆ ಪರ್ಸೆಂಟ್’ ಅಂದರಾಯಿತು. ಸಿಗದೆ ಇರುವುದು ಇನ್ನೊಂದು. ಇಂಗ್ಲಿಷಿನಲ್ಲಿ ಅದನ್ನು ಬಾಡಿ ಅನ್ನುತ್ತಾರೆ. ಬಿಯರ್ ನಾಲಿಗೆ ಮೇಲೆ ಎಷ್ಟು ತೂಕವಾಗಿ ಕೂರುತ್ತದೆ, ನೀರಿನ ಹಾಗಾ, ಹಾಲಿನ ಹಾಗಾ ಅನ್ನುವ ಗುಣ ಅದು. ಯೀಸ್ಟ್ ತಿನ್ನಲಾಗದೆ ಬಿಟ್ಟ ಡೆಕ್ಸ್ಟ್ರಿನ್ ಅನ್ನುವ ಪಿಷ್ಟದ ತುಣುಕು, ಕಾಳಿನ ಪ್ರೋಟೀನ್, ಇವೆಲ್ಲ ಸೇರಿ ಆ ತೂಕ ಕೊಡುತ್ತವೆ. ಬಾರ್ಲಿ ನೆನೆಸುವ ನೀರಿನ ಬಿಸಿ 65 ಡಿಗ್ರಿಯ ಆಸುಪಾಸು ಇದ್ದರೆ ಬಿಯರ್ ತೆಳುವಾಗುತ್ತದೆ. 69ರ ಹತ್ತಿರ ಹೋದರೆ ದಪ್ಪ ಉಳಿಯುತ್ತದೆ. ನಾಲ್ಕು ಡಿಗ್ರಿಯಲ್ಲಿ ಇಷ್ಟು ವ್ಯತ್ಯಾಸ!

ನಾವು ನೋಡಿದ ಪದಗಳನ್ನು ಹೇಳುತ್ತೇನೆ. ‘ಮೈ’ ಅಂತ ನೇರವಾಗಿ ಇಟ್ಟುಕೊಳ್ಳಬಹುದು, ‘ಮೈ ತುಂಬಿದ ಬಿಯರ್’. ಓದಲು ಚೆಂದ. ಆದರೆ ಕನ್ನಡದಲ್ಲಿ ಕುಡಿಯುವ ಯಾವ ವಸ್ತುವಿಗೂ ನಾವು ಮೈ ಇದೆ ಅನ್ನುವುದಿಲ್ಲ. ಹಾಲಿಗೆ ಮೈ ಇದೆ ಅಂತ ಯಾರಾದರೂ ಹೇಳುತ್ತಾರಾ? ‘ಸಾಂದ್ರ’ ಶಾಲೆಯ ಪುಸ್ತಕದ ಪದ. ಅರ್ಥ ಸರಿ, ಆದರೆ ಲೋಟ ಕೈಯಲ್ಲಿ ಹಿಡಿದಾಗ ಅದು ಬಾಯಿಗೆ ಬರುವುದಿಲ್ಲ. ‘ಮಂದ’ ನನಗೆ ತುಂಬ ಇಷ್ಟ. ಹಾಲು ಮಂದವಾಗಿದೆ ಅನ್ನುತ್ತೇವಲ್ಲ, ಸರಿಯಾಗಿ ಅದೇ ಅರ್ಥ. ಆದರೆ ಮಂದ ಬೆಳಕು, ಮಂದ ಬುದ್ಧಿ ಕೂಡ ಇವೆ. ‘ಮಂದ ಬಿಯರ್’ ಅಂತ ಓದಿದವರಿಗೆ ಅದು ಕಳೆಗುಂದಿದ, ಗ್ಯಾಸ್ ಹೋದ ಬಿಯರ್ ಅನ್ನಿಸಬಹುದು. ಗುಂಪಿನಲ್ಲಿ ಒಬ್ಬಳು ‘ಬಾಯ್ತುಂಬು’ ಅಂತ ಹೊಸದಾಗಿ ಕಟ್ಟಿದಳು. “ಇದರ ಬಾಯ್ತುಂಬು ಚೆನ್ನಾಗಿದೆ.” ಮೊದಲು ವಿಚಿತ್ರ ಅನ್ನಿಸಿತು. ನಾಲ್ಕು ಸಲ ಹೇಳಿದ ಮೇಲೆ ಒಗ್ಗಿತು. ಬಾಯಿಯಲ್ಲಿ ಆಗುವುದನ್ನೇ ಅದು ಹೇಳುತ್ತದೆ.

ನನ್ನ ಅನಿಸಿಕೆ ಹೇಳುವುದಾದರೆ, ಇಲ್ಲಿ ನಾಮಪದ ಹುಡುಕುವುದೇ ದಾರಿ ತಪ್ಪಿದ ಹಾಗೆ. ಕನ್ನಡ ಇಂಥ ಗುಣವನ್ನು ಹೆಸರಿಟ್ಟು ಕರೆಯುವುದಕ್ಕಿಂತ ‘ತೆಳ್ಳಗಿದೆ, ದಪ್ಪಗಿದೆ, ನೀರು ನೀರಾಗಿದೆ, ನಾಲಿಗೆಗೆ ಅಂಟುತ್ತೆ’ ಅಂತ ಹೇಳಿ ಮುಗಿಸುತ್ತದೆ. ಚೀಟಿಯ ಗೆರೆಗೆ ಮಾತ್ರ ಒಂದು ಹೆಸರು ಬೇಕು, ಅಷ್ಟೇ.

ಇದರ ಜೊತೆಗೇ ಬಂದ ಇನ್ನೆರಡು ಮೂರು ಪದಗಳನ್ನೂ ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ‘ಕಹಿ’. ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ ಹೂವು ಜಾಸ್ತಿ ಹಾಕುವ ಬಿಯರ್) ಕುಡಿದ ಹೊಸಬರು ‘ಕಹಿ, ಬೇಡ’ ಅಂತ ಬರೆಯುತ್ತಾರೆ. ಸ್ವಲ್ಪ ಕೆದಕಿ ಕೇಳಿದರೆ ಅವರಿಗೆ ಹಿಡಿಸದೆ ಇದ್ದದ್ದು ಕಹಿ ಅಲ್ಲ, ಒಗರು. ಈ ವ್ಯತ್ಯಾಸ ಬಿಯರಿನಲ್ಲಿ ದೊಡ್ಡದು. ಕಹಿ ಬರುವುದು ಹಾಪ್ ಹೂವನ್ನು ಕುದಿಸಿದಾಗ. ಅದು ನಾಲಿಗೆಯ ರುಚಿ. ಒಗರು ಬರುವುದು ಬಾರ್ಲಿಯ ಹೊಟ್ಟಿನಿಂದ, ನೆನೆದ ಬಾರ್ಲಿಯ ಸಿಹಿಯನ್ನು ತೊಳೆದು ತೆಗೆಯುವ ನೀರು ತೀರಾ ಬಿಸಿಯಾದಾಗ. ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಕೆನ್ನೆಯ ಒಳಗೆಲ್ಲ ಹಿಡಿದ ಹಾಗಾಗುತ್ತದೆ. ಬಲಿಯದ ಬಾಳೆಕಾಯಿ ಕಚ್ಚಿದ ಹಾಗೆ, ಚಹಾ ಪುಡಿ ಜಾಸ್ತಿ ಹೊತ್ತು ಕುದ್ದ ಹಾಗೆ. ಕಹಿ ಬಿಯರಿನ ಗುಣ, ಒಗರು ಬಹಳ ಸಲ ತಯಾರಿಕೆಯ ತಪ್ಪು. ಇಂಗ್ಲಿಷಿನಲ್ಲಿ ಬರೆಯುವವರು ಒಗರಿಗೆ ಉದ್ದನೆಯ ಪದ ಹುಡುಕಿಕೊಂಡು ಹೋಗಬೇಕು. ನಮಗೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ಪದ ಇದೆ. ಇದ್ದೂ ಬಳಸುತ್ತಿಲ್ಲ, ಅದು ನನಗೆ ಬೇಜಾರು.

ಕಹಿಯ ಅಳತೆಗೆ ಕೆಲವು ಬಾಟಲಿ ಮೇಲೆ ಐಬಿಯು ಅಂತ ಒಂದು ಸಂಖ್ಯೆ ಹಾಕಿರುತ್ತಾರೆ. ಹೆಚ್ಚು ಕಡಿಮೆ ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಹಾಪ್ ಕಹಿ ಇದೆ ಅನ್ನುವ ಲೆಕ್ಕ. ಅದನ್ನೇ ನಂಬಿ ಆರಿಸಿಕೊಳ್ಳುವವರು ಇದ್ದಾರೆ. ಆದರೆ 60 ಇರುವ ಇಂಪೀರಿಯಲ್ ಸ್ಟೌಟ್ (ಅಮಲು ಜಾಸ್ತಿ ಇರುವ ಕಪ್ಪು ಬಿಯರ್) ಬಾಯಲ್ಲಿ 40ರ ಪಿಲ್ಸ್‌ನರ್‌ಗಿಂತ (ತಿಳಿ ಬಣ್ಣದ ಲಾಗರ್) ಮೆದು ಅನ್ನಿಸಬಹುದು. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿ ಕಹಿಯನ್ನು ಮುಚ್ಚಿಬಿಡುತ್ತದೆ. ‘ಎಷ್ಟು ಕಹಿ ಇದೆ’ ಬೇರೆ, ‘ಎಷ್ಟು ಕಹಿ ಅನ್ನಿಸುತ್ತೆ’ ಬೇರೆ. ‘ಹಾಪ್ ಜಾಸ್ತಿ’ ಅನ್ನುವುದೂ ಹಾಗೇ. ಹಾಪ್ ಮೊದಲೇ ಹಾಕಿ ಕುದಿಸಿದರೆ ಕಹಿ, ಕೊನೆಯಲ್ಲಿ ಇಲ್ಲವೇ ಹುದುಗುವಾಗ ಹಾಕಿದರೆ ಘಮ. ಮೋಡ ಕಟ್ಟಿದ ಹಾಗಿರುವ ಹೇಜಿ ಐಪಿಎಗಳಲ್ಲಿ ಹಾಪ್ ಸುರಿದಿರುತ್ತಾರೆ, ಕಹಿ ಮಾತ್ರ ಅಷ್ಟಿಲ್ಲ. ಹಾಗಾಗಿ ‘ಹಾಪ್ ಕಹಿ’, ‘ಹಾಪ್ ಘಮ’ ಅಂತ ಬಿಡಿಸಿ ಬರೆಯೋಣ ಅಂತ ನಾವು ಮಾಡಿಕೊಂಡೆವು. ಕ್ಯಾಸ್ಕೇಡ್ ಅನ್ನುವ ತಳಿಯ ಹಾಪ್ ಇರುವ ಪೇಲ್ ಏಲ್‌ಗೆ ‘ಚಕ್ಕೋತದ ಸಿಪ್ಪೆ ಘಮ’ ಅಂತ ಒಬ್ಬ ಬರೆದ. ಓದಿದ ತಕ್ಷಣ ಎಲ್ಲರ ಮೂಗಿಗೂ ಅದು ಬಂತು.

ಎರಡನೆಯದು ಇಂಗ್ಲಿಷಿನ ಡ್ರೈ. ಇದನ್ನು ‘ಒಣ’ ಅಂತ ಮಾಡಿದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅಲ್ಲಿ ಹೇಳುತ್ತಿರುವುದು ಸಿಹಿ ಉಳಿದಿಲ್ಲ ಅಂತ, ಅಷ್ಟೇ. ಕನ್ನಡದಲ್ಲಿ ‘ಬಾಯಿ ಒಣಗುತ್ತೆ’ ಅಂದರೆ ಮತ್ತೆ ಒಗರಿನ ಕಡೆಗೇ ಹೋದ ಹಾಗೆ. ನಾವು ಸದ್ಯಕ್ಕೆ ‘ಸಿಹಿ ತೀರಿದ’ ಅಂತ ಬಳಸುತ್ತಿದ್ದೇವೆ. ಸಕ್ಕರೆಯೆಲ್ಲ ಯೀಸ್ಟಿಗೆ ತೀರಿತು ಅನ್ನುವುದೂ ಅದರಲ್ಲಿ ಬರುತ್ತದೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಕೆಟ್ಟ ವಾಸನೆಗಳ ಪೈಕಿ ಒಂದಕ್ಕೆ ಮಾತ್ರ ನಮಗೆ ಸಮಾಧಾನದ ಪದ ಸಿಕ್ಕಿದೆ. ಬೆಳಕು ಬಿದ್ದರೆ ಹಾಪ್ ಕಹಿ ಒಡೆದು ಗಂಧಕದ ನಾತ ಬರುತ್ತದೆ. ಕಂದು ಬಾಟಲಿ ಬಳಸುವುದು ಅದನ್ನು ತಡೆಯಲು. ಹಸಿರು, ಬಿಳಿ ಬಾಟಲಿಗೆ ಆ ಶಕ್ತಿ ಕಡಿಮೆ. ಇಂಗ್ಲಿಷಿನವರು ಅದಕ್ಕೆ ಸ್ಕಂಕ್ ಅನ್ನುವ ಪ್ರಾಣಿಯ ಹೆಸರು ಇಟ್ಟಿದ್ದಾರೆ. ಆ ಪ್ರಾಣಿಯನ್ನು ನಮ್ಮಲ್ಲಿ ಯಾರು ಮೂಸಿದ್ದಾರೆ? ‘ಬಿಸಿಲು ಬಡಿದ ಬಿಯರ್’ ಅಂದರೆ ಕಾರಣವೂ ಗೊತ್ತಾಗುತ್ತದೆ, ಪಾಠವೂ ಅದರಲ್ಲೇ ಇದೆ. ಹಳೆಯದಾದ ಬಿಯರಿನ ಒದ್ದೆ ರಟ್ಟಿನ ವಾಸನೆಗೆ ಇನ್ನೂ ಹುಡುಕುತ್ತಿದ್ದೇವೆ. ‘ಹಳಸಿದ’ ಅಂದರೆ ಕೆಟ್ಟು ಹೋಗಿದೆ ಅನ್ನಿಸುತ್ತದೆ, ಅದು ಹಾಗಲ್ಲ. ‘ಮುಗ್ಗಲು’ ಹತ್ತಿರ ಇದೆ, ಆದರೆ ಅದರಲ್ಲಿ ಬೂಷ್ಟಿನ ನೆನಪೂ ಇದೆ.

ಇಷ್ಟು ಹಟ ಯಾಕೆ ಅಂತ ಕೇಳಬಹುದು. 1970ರ ದಶಕದಲ್ಲಿ ಮಾರ್ಟನ್ ಮೀಲ್ಗಾರ್ಡ್ ಅನ್ನುವವರು ಬಿಯರಿನ ರುಚಿ ಚಕ್ರ ಮಾಡಿದರು. ನೂರಕ್ಕೂ ಜಾಸ್ತಿ ಪದಗಳಿರುವ ಚಕ್ರ. ಬೇರೆ ಬೇರೆ ಊರಿನ ತಯಾರಕರು ಒಂದೇ ರುಚಿಗೆ ಒಂದೇ ಹೆಸರು ಹೇಳಲಿ ಅನ್ನುವುದು ಅದರ ಉದ್ದೇಶ. ನಮ್ಮ ಐದು ಚೀಟಿಗಳಿಗೂ ಬೇಕಾಗಿರುವುದು ಅದೇ.

ಕೊನೆಯ ಪದ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಅಂಕ ಕೊಡುವಾಗ ನಾವು ‘ಚೆನ್ನಾಗಿದೆ’ ಅನ್ನುತ್ತೇವೆ. ಅದರಲ್ಲಿ ಎರಡು ಮಾತು ಸೇರಿಕೊಂಡಿವೆ. ತನ್ನ ಜಾತಿಯ ಬಿಯರಾಗಿ ಅದು ಸರಿಯಾಗಿದೆ ಅನ್ನುವುದು ಒಂದು. ನನಗೆ ಹಿಡಿಸಿತು ಅನ್ನುವುದು ಇನ್ನೊಂದು. ತೀರ್ಪುಗಾರರು ಮೊದಲನೆಯದನ್ನು ನೋಡುತ್ತಾರೆ. ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬಂದರೆ ಅಂಕ, ಪಿಲ್ಸ್‌ನರ್‌ನಲ್ಲಿ ಅದೇ ವಾಸನೆ ಬಂದರೆ ತಪ್ಪು. ಅನ್‌ಟ್ಯಾಪ್ಡ್‌ನಂಥ ಆ್ಯಪ್‌ನಲ್ಲಿ 5 ಸ್ಟಾರ್‌ಗೆ ಕಾಲು ಕಾಲು ಏರಿಸಿ ಕೊಡುವವರು ಎರಡನೆಯದನ್ನು ಹೇಳುತ್ತಿರುತ್ತಾರೆ. ಅಂಥ ಪಟ್ಟಿಗಳ ಮೇಲ್ತುದಿಯಲ್ಲಿ ಇಂಪೀರಿಯಲ್ ಸ್ಟೌಟ್‌ಗಳೇ ಜಾಸ್ತಿ. ಸಾದಾ ಲಾಗರ್ ಎಷ್ಟೇ ಶುದ್ಧವಾಗಿದ್ದರೂ ಕೆಳಗೇ ಉಳಿಯುತ್ತದೆ. ಬೆಲ್ಜಿಯಂನ ಸನ್ಯಾಸಿಗಳು ತಯಾರಿಸುವ ವೆಸ್ಟ್‌ವ್ಲೆಟೆರೆನ್ 12 ವರ್ಷಗಟ್ಟಲೆ ಇಂಥ ಪಟ್ಟಿಗಳ ತುದಿಯಲ್ಲಿತ್ತು. ಅದು ಶೇಕಡಾ 10.2ರ ಬಿಯರ್, ಸುಲಭಕ್ಕೆ ಸಿಗುವುದೂ ಇಲ್ಲ. ಒಳ್ಳೆಯ ಬಿಯರೇ ಇರಬಹುದು. ಆದರೆ ಅಪರೂಪ ಅನ್ನುವುದು ಕೂಡ ಸ್ಟಾರ್ ತಂದುಕೊಡುತ್ತದೆ, ಅಲ್ವಾ?

ನಮ್ಮ ಗುಂಪಿನಲ್ಲೇ ನೋಡಿದೆ. ಸ್ಟೌಟ್‌ಗೆ 50ಕ್ಕೆ 44 ಕೊಟ್ಟವನು ಆಮೇಲೆ ತನಗೆ ಪೂರ್ತಿ ಲೋಟ ಬಗ್ಗಿಸಿಕೊಂಡಿದ್ದು ತಾನು 33 ಕೊಟ್ಟ ಪಿಲ್ಸ್‌ನರ್. ಅದನ್ನು ನೋಡಿದ ಮೇಲೆ ಚೀಟಿಯ ಕೆಳಗೆ ಅಂಕ ಇಲ್ಲದ ಒಂದು ಪ್ರಶ್ನೆ ಸೇರಿಸಿದ್ದೇನೆ: ‘ಒಗ್ಗಿತಾ?’ ಮೆಚ್ಚುವುದು ಬೇರೆ, ಒಗ್ಗುವುದು ಬೇರೆ. ಮೈಗೆ, ನಾಲಿಗೆಗೆ, ಆ ಹೊತ್ತಿಗೆ ಹೊಂದಿಕೊಳ್ಳುವುದು ಅನ್ನುವ ಅರ್ಥ ಇಷ್ಟು ಸಲೀಸಾಗಿ ಬೇರೆ ಯಾವ ಪದದಲ್ಲೂ ನನಗೆ ಸಿಗಲಿಲ್ಲ.

ಈಗ ನನ್ನ ಪ್ರಶ್ನೆಗಳು. ನಿಮ್ಮ ಮನೆಮಾತಿನಲ್ಲಿ ಕುಡಿಯುವ ವಸ್ತು ದಪ್ಪಗಿದ್ದರೆ ಏನಂತೀರಿ? ‘ಮಂದ’ ಅಂದರೆ ನಿಮಗೆ ಮೊದಲು ಹೊಳೆಯುವುದು ದಪ್ಪವಾ, ಕಳೆ ಇಲ್ಲದ್ದಾ? ‘ಬಾಯ್ತುಂಬು’ ಓದುವಾಗ ಎಡವಿದಿರಾ? ರಟ್ಟಿನ ವಾಸನೆಗೆ ಹಳೆಯ ಪದ ಯಾವುದಾದರೂ ನೆನಪಿದೆಯಾ? ಬಿಯರ್ ಕುಡಿಯದವರೂ ಉತ್ತರಿಸಬಹುದು. ನಿಜ ಹೇಳಬೇಕೆಂದರೆ ಹಾಲು, ಚಹಾ, ಎಣ್ಣೆಗೆ ನೀವು ಬಳಸುವ ಮಾತೇ ನನಗೆ ಜಾಸ್ತಿ ಉಪಯೋಗ. ಮುಂದಿನ ಸಲದ ಚೀಟಿಗೆ ನಾಲ್ಕನೇ ಗೆರೆಯ ಹೆಸರನ್ನು ಖಾಲಿ ಬಿಟ್ಟಿದ್ದೇನೆ.