ಸೇಬಿನ ಎಳೆ ಗಿಡಕ್ಕೆ ದ್ರಾಕ್ಷಿ ತರ ಕಟಿಂಗ್ ಮಾಡಬಹುದಾ?

ಕೆಂಪುಮಣ್ಣು:
ಎಲ್ಲರಿಗೂ ನಮಸ್ಕಾರ. ನಮ್ದು ಚಿಕ್ಕಬಳ್ಳಾಪುರದ ಹತ್ರ ಜಮೀನು, ಹೋದ ಜನವರೀಲಿ ಹಿಮಾಚಲದಿಂದ ಕಸಿ ಸೇಬಿನ ಗಿಡ ತರಿಸಿ ಹಾಕಿದೀವಿ, ಅನ್ನಾ, ಡಾರ್ಸೆಟ್ ಗೋಲ್ಡನ್ ತಳಿ, ಜೊತೆಗೆ ಸ್ವಲ್ಪ ಎಚ್‌ಆರ್‌ಎಂಎನ್-99 ತಳಿ. ಸುತ್ತಮುತ್ತ ಎಲ್ಲಾ ದ್ರಾಕ್ಷಿ ತೋಟ, ಸೇಬು ಬೆಳೆದೋರು ಯಾರೂ ಇಲ್ಲ, ಆದ್ರೂ ಗಿಡ ಇವತ್ತು ಎದೆಮಟ್ಟ ಬಂದಿದೆ ಅಂದ್ರೆ ಅದು ಅಕ್ಕಪಕ್ಕದೋರಿಂದಾನೇ. ಬೇಸಿಗೇಲಿ ನಮ್ಮ ಬೋರ್ ಬತ್ತಿದಾಗ ಪಕ್ಕದ ತೋಟದ ಅಣ್ಣ ಅವರ ಲೈನಿಂದ ನೀರು ಬಿಟ್ಟರು. ಮಳೆಗಾಲ ಶುರು ಆಗೋ ಮುಂಚೆ ಶಿಲೀಂಧ್ರ ರೋಗ ಬರದಂಗೆ ಕಾಂಡಕ್ಕೆ ಹಚ್ಚೋ ಬೋರ್ಡೋ ಪೇಸ್ಟ್ ಮಾಡೋದು ಪಕ್ಕದಲ್ಲೇ ನಿಂತು ಕಲಿಸಿದ್ರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಆಮೇಲೆ ಸೇರಿಸೋದು, ಒಟ್ಟು 10 ಲೀಟರ್ ನೀರು. ಕಬ್ಬಿಣದ ಚಾಕು ಅದ್ದಿ ತೆಗೆದು, ತಾಮ್ರದ ಬಣ್ಣ ಹತ್ತಿದ್ರೆ ಇನ್ನೊಂಚೂರು ಸುಣ್ಣ ಹಾಕು ಅಂದ್ರು.

ಈಗ ಅವರು ಡಿಸೆಂಬರ್ ಕೊನೇಲಿ ನಾನೇ ಬಂದು ಕಟಿಂಗ್ ಮಾಡ್ಕೊಡ್ತೀನಿ, ಒಂದೊಂದು ಕಡ್ಡೀಲಿ ಎರಡು ಕಣ್ಣು (ಚಿಗುರೊಡೆಯೋ ಮೊಗ್ಗು) ಬಿಟ್ಟು ಮಿಕ್ಕಿದ್ದೆಲ್ಲ ತೆಗೆದ್ರೆ ಚಿಗುರು ಜೋರಾಗಿ ಬರುತ್ತೆ ಅಂತಿದಾರೆ. ಸೇಬಿಗೆ ಇದು ಸರೀನಾ? ಎಲೆ ಇನ್ನೂ ಉದುರಿಲ್ಲ, ಹಸಿರಾಗೇ ಇದೆ. ಕಸಿ ಕಟ್ಟಿರೋ ಜಾಗದ ಕೆಳಗಿಂದ ಚಿಗುರು ಬೇರೆ ಬರ್ತಿದೆ. ತಿಳಿದೋರು ಹೇಳಿ.

ಹಣ್ಣಿನಗಿಡ:
ಅಣ್ಣನ ಕೈ ಪಳಗಿದ ಕೈ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ದ್ರಾಕ್ಷಿ ಲೆಕ್ಕ ಸೇಬಿಗೆ ತರಬೇಡಿ. ದ್ರಾಕ್ಷೀಲಿ ಗೊಂಚಲು ಬರೋದು ಕಟಿಂಗ್ ಆದ್ಮೇಲೆ ಹೊಡೆಯೋ ಹೊಸ ಚಿಗುರಲ್ಲಿ, ಅದಕ್ಕೇ ಅವರು ಧೈರ್ಯವಾಗಿ ಕತ್ತರಿಸ್ತಾರೆ. ಸೇಬು ಹೆಚ್ಚಾಗಿ ಕಾಯಿ ಕಟ್ಟೋದು ಹಳೇ ಕೊಂಬೆ ಮೇಲೆ ಬರೋ ಗಿಡ್ಡ ಕಡ್ಡಿಗಳಲ್ಲಿ, ಬೆರಳುದ್ದ ಇರುತ್ತೆ, ತುದೀಲಿ ದಪ್ಪ ಮೊಗ್ಗು. ಪ್ರತಿ ವರ್ಷ ಎರಡು ಕಣ್ಣಿಗೆ ಇಳಿಸಿದ್ರೆ ಆ ಕಡ್ಡಿ ಹುಟ್ಟೋಕೆ ಅವಕಾಶಾನೇ ಇರಲ್ಲ, ಗಿಡ ಬರೀ ಉದ್ದುದ್ದ ಚಿಗುರು ಬಿಟ್ಕೊಂಡು ಪೊದೆ ಆಗುತ್ತೆ.

ಈ ವರ್ಷ ನಡುವಿನ ಕಾಂಡ ಒಂದು ಉಳಿಸಿ, ಸುತ್ತ ಬೇರೆ ಬೇರೆ ದಿಕ್ಕಿಗೆ ಹೋಗೋ ಮೂರ್ನಾಲ್ಕು ಒಳ್ಳೆ ಕೊಂಬೆ ಸಾಕು, ಒಂದರ ಮೇಲೊಂದು ಅರ್ಧ ಮುಕ್ಕಾಲು ಅಡಿ ಅಂತರದಲ್ಲಿ. ಒಂದಕ್ಕೊಂದು ತಿಕ್ಕೋದು, ಒಳಗಡೆ ತಿರುಗಿರೋದು ತೆಗೀರಿ. ನೆಟ್ಟಗೆ ಮೇಲಕ್ಕೆ ಹೋಗ್ತಿರೋ ಕೊಂಬೆನ ದಾರ ಕಟ್ಟಿ ಪಕ್ಕಕ್ಕೆ ಬಗ್ಗಿಸಿ, ಅದರಿಂದ ಬೇಗ ಕಾಯಿಗೆ ಬರುತ್ತೆ. ದಾರ ಬಿಗಿಯಾಗಿ ಕಟ್ಟಿ ಮರೀಬೇಡಿ, ತೊಗಟೆ ಒಳಗೆ ಇಳಿದುಬಿಡುತ್ತೆ.

ಕಸಿ ಕೆಳಗಿನ ಚಿಗುರು ಬೇರುಗಿಡದ್ದು, ಅಂದ್ರೆ ಯಾವುದರ ಮೇಲೆ ಕಸಿ ಕಟ್ಟಿದಾರೋ ಆ ಗಿಡದ್ದು, ಎಳೇದಿರುವಾಗಲೇ ಬುಡ ಸಮೇತ ಕಿತ್ತಾಕಿ. ಗುಂಡಿ ಮಣ್ಣಾಗ್ಲಿ ಗೊಬ್ಬರ ಆಗ್ಲಿ ಕಸಿ ಗಂಟನ್ನ ಮುಚ್ಚಬಾರ್ದು.

ಬಿಜಾಪುರದಂವ:
ನಮ್ಮ ಕಡೆನೂ ದ್ರಾಕ್ಷಿ ಚಾಟ್ನಿ (ಕಟಿಂಗ್) ಮಾಡೋ ಮಂದಿನ ಕರ್ಕೊಂಡು ಬರ್ತಾರ ಸೇಬಿಗೆ, ಮ್ಯಾಲ ಹೇಳಿದ್ದು ಖರೆ ಐತಿ. ಇನ್ನೊಂದು ಮಾತ್ರ ಭಾಳ ಮುಖ್ಯ ರೀ. ಚಾಟ್ನಿ ಆದ ಮ್ಯಾಲ ಮೊಗ್ಗು ಒಂದೇ ಸಲ ಒಡಿಲಿ ಅಂತ ದ್ರಾಕ್ಷಿ ಕಣ್ಣಿಗೆ ಹಚ್ತಾರಲ್ಲ ಹೈಡ್ರೋಜನ್ ಸೈನಮೈಡ್ ಅನ್ನೋ ಔಷಧ, ಅದನ್ನ ವರ್ಷದ ಗಿಡಕ್ಕ ಹಚ್ಚಾಕ ಬಿಡಬ್ಯಾಡ್ರಿ, ಮೊಗ್ಗು ಸುಟ್ಟು ಹೋಗ್ತಾವ. ಮನಷಾರಿಗೂ ಛಲೋ ಅಲ್ಲ ಅದು, ಮೈಗೆ ಹತ್ತಿದ್ರ ಚರ್ಮ ಸುಡತೈತಿ.

ಹೂ ಬಂದ್ರ ಮದಲ ಎರಡು ವರ್ಷ ಚಿವುಟ್ರಿ. ಜೀವ ಚುರ್ ಅಂತೈತಿ, ಗೊತ್ತೈತಿ, ಆದ್ರ ಬೇರು ಗಟ್ಟಿ ಆಗ್ಲಿ.

ಕೆಂಪುಮಣ್ಣು:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಅಣ್ಣಂಗೆ ಇದನ್ನ ಓದಿ ಹೇಳ್ದೆ, ಬೇಜಾರೇನೂ ಮಾಡ್ಕೊಳ್ಳಲಿಲ್ಲ, ನಾಳೆ ನಿಮ್ಮ ಗಿಡದಲ್ಲಿ ಆ ಗಿಡ್ಡ ಕಡ್ಡಿ ಎಲ್ಲಿ ಬರುತ್ತೆ ತೋರ್ಸು ನಾನೂ ನೋಡ್ತೀನಿ ಅಂದ್ರು. ಎಲೆ ವಿಷಯ ಮಾತ್ರ ಉಳೀತು. ಕೈಯಲ್ಲಿ ಕೀಳಬೇಕು ಅಂದ್ರೆ ಅವರ ಮನೆಯೋರು ಮುಯ್ಯಾಳಿಗೆ ಬರ್ತಾರೆ, ನಾವು ಅವರ ದ್ರಾಕ್ಷಿ ಕೊಯ್ಲಿಗೆ ಹೋಗ್ತೀವಿ.

ಹಣ್ಣಿನಗಿಡ:
ಕೀಳಲೇಬೇಕು. ಅನ್ನಾ ಇಸ್ರೇಲ್ ತಳಿ, ಕಮ್ಮಿ ಚಳಿ ಸಾಕು ಅಂತಾರೆ, ಆದ್ರೆ ಆ ಲೆಕ್ಕ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗೆ ಒಟ್ಟು ಎಷ್ಟು ಗಂಟೆ ಇರುತ್ತೆ ಅನ್ನೋದು, ನಮ್ಮಲ್ಲಿ ಅಷ್ಟು ಚಳಿ ಎಲ್ಲಿ ಬರುತ್ತೆ. ಎಲೆ ತಾನಾಗೇ ಉದುರದೆ ಹೋದ್ರೆ ಗಿಡ ಮಲಗೋದೂ ಇಲ್ಲ ಏಳೋದೂ ಇಲ್ಲ, ಅಲ್ಲೊಂದು ಇಲ್ಲೊಂದು ಮೊಗ್ಗು ಒಡೆಯುತ್ತೆ ಅಷ್ಟೇ. ಇಂಡೋನೇಷ್ಯಾದ ಜಾವಾದಲ್ಲಿ ಬಾತು ಅನ್ನೋ ಊರಿನ ರೈತರು ಚಳಿಗಾಲಾನೇ ಇಲ್ದೆ ಸೇಬು ಬೆಳೀತಾರೆ, ಅವರು ಮಾಡೋದೂ ಇದನ್ನೇ, ಕೊಯ್ಲು ಆದ್ಮೇಲೆ ಎಲೆ ಎಲ್ಲಾ ಕೈಯಲ್ಲೇ ಕೀಳ್ತಾರೆ.

ಎರಡು ವಾರ ಮುಂಚೆ ಡ್ರಿಪ್ ಕಮ್ಮಿ ಮಾಡ್ತಾ ಬನ್ನಿ. ಕೊಂಬೆ ಹಿಡ್ಕೊಂಡು ಜರ್ ಅಂತ ಎಳೀಬೇಡಿ, ಎಲೆ ಬುಡದಲ್ಲೇ ಮೊಗ್ಗು ಕೂತಿರುತ್ತೆ, ಒಂದೊಂದೇ ಎಲೆ ತೊಟ್ಟು ಹಿಡಿದು ಮುರೀರಿ. ತೊಟ್ಟಿನ ತುಂಡು ಗಿಡದಲ್ಲೇ ಉಳಿದ್ರೆ ಪರವಾಗಿಲ್ಲ, ಒಣಗಿ ಬೀಳುತ್ತೆ. ಮುಯ್ಯಾಳಿಗೆ ಬರೋರಿಗೆ ಮೊದಲು ಒಂದು ಗಿಡ ನೀವೇ ಮಾಡಿ ತೋರ್ಸಿ. ಕಟಿಂಗ್ ಅದಾದ್ಮೇಲೆ, ಎಲೆ ಇಲ್ದಾಗ ಕೊಂಬೆ ಯಾವುದು ಎಲ್ಲಿಗೆ ಹೋಗ್ತಿದೆ ಅಂತ ಅಣ್ಣಂಗೂ ಸರಿಯಾಗಿ ಕಾಣುತ್ತೆ, ಕತ್ತರಿಸಿದ ಗಾಯಕ್ಕೆ ಅವರೇ ಕಲಿಸಿದ ಪೇಸ್ಟ್ ಹಚ್ಚಿ.